ಓದದೆ ಹಾಕಿದ ಸಹಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಶ್ರೇಷ್ಠತೆಯನ್ನೂ ನೈಜತೆಯನ್ನೂ ದಿನನಿತ್ಯದ ಅಭ್ಯಾಸವಾಗಿಸಿಕೊಳ್ಳುವುದು ಹೇಗೆ ಎಂದು ಕಳೆದ ವಾರದ ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಎಲ್ಲರಂತೆ, ಎರಡನೆಯ ಸಲ ಪೆನ್ಸಿಲ್ ಹಿಡಿದು. 31 ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವಳು ನಾನು. ನಿವೃತ್ತಿಯಾಗಿ ಆರು ವರ್ಷವಾಯಿತು, ಆದರೂ ಕೈಯಲ್ಲಿ ಪೆನ್ಸಿಲ್ ಇಲ್ಲದೆ ಓದಿದರೆ ಓದಿದ ಹಾಗೆಯೇ ಅನಿಸುವುದಿಲ್ಲ. ಮನೆಯವರು ಇದನ್ನು ರೋಗ ಎನ್ನುತ್ತಾರೆ. ಇರಲಿ.

ಲೇಖನ ಚೆನ್ನಾಗಿತ್ತು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ; ಇದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಕರಡು ನೋಡಿದವರನ್ನು ಯಾರೂ ಹೊಗಳುವುದಿಲ್ಲ. ಆದರೆ ಸಂಗತಿಯ ತಪ್ಪುಗಳು ಎರಡಿವೆ. ಅವೆರಡೂ ಲೇಖನದ ವಿಷಯಕ್ಕೇ ತಗುಲುವಂಥವು, ಆದ್ದರಿಂದ ಸುಮ್ಮನಿರಲಾಗಲಿಲ್ಲ.

ಮೊದಲನೆಯದು, ಶ್ರೇಷ್ಠತೆ ಎಂಬುದು ಒಮ್ಮೆ ಮಾಡಿ ಮುಗಿಸುವ ಕೃತ್ಯವಲ್ಲ, ಅಭ್ಯಾಸ ಎಂಬರ್ಥದ ಪ್ರಸಿದ್ಧ ಮಾತು. ಅದನ್ನು ದಪ್ಪ ಅಕ್ಷರದಲ್ಲಿ, ಚೌಕಟ್ಟು ಹಾಕಿ, ಕೆಳಗೆ ಅರಿಸ್ಟಾಟಲ್ ಹೆಸರು ಕೊಟ್ಟು ಅಚ್ಚು ಹಾಕಿದ್ದೀರಿ. ಆ ವಾಕ್ಯ ಅರಿಸ್ಟಾಟಲನದಲ್ಲ. ತತ್ತ್ವಶಾಸ್ತ್ರದ ಕಥೆಯನ್ನು ಸಾಮಾನ್ಯ ಓದುಗರಿಗಾಗಿ ಬರೆದ ಅಮೆರಿಕದ ವಿಲ್ ಡ್ಯುರಾಂಟ್, 1926ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ಅರಿಸ್ಟಾಟಲನ ವಿಚಾರವನ್ನು ಅಡಕಗೊಳಿಸಿ ತಮ್ಮದೇ ಮಾತಿನಲ್ಲಿ ಬರೆದದ್ದು. ಯಾರೋ ಅದನ್ನು ಕತ್ತರಿಸಿ ಮೂಲದವನ ಕೊರಳಿಗೆ ಕಟ್ಟಿದರು. ಆಮೇಲೆ ಎಲ್ಲರೂ ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದುಕೊಂಡರು. ನೈಜತೆಯ ಬಗೆಗಿನ ಲೇಖನದಲ್ಲೇ ಇದು ಬಂದದ್ದು ನನಗೆ ತಮಾಷೆಯಾಗಿಯೂ ಬೇಸರವಾಗಿಯೂ ಕಂಡಿತು.

ಬೇಸರಕ್ಕೆ ಇನ್ನೊಂದು ಕಾರಣವಿದೆ. ಅರಿಸ್ಟಾಟಲ್ ನಿಜವಾಗಿ ಹೇಳಿದ್ದು ಇದಕ್ಕಿಂತ ಖಾರವಾಗಿದೆ. ನೀತಿಶಾಸ್ತ್ರದ ಗ್ರಂಥದ ಎರಡನೆಯ ಭಾಗದ ಆರಂಭದಲ್ಲಿ ಅವನು ಮನೆ ಕಟ್ಟುವವರನ್ನೂ ಲೈರ್ ಎಂಬ ತಂತಿವಾದ್ಯ ನುಡಿಸುವವರನ್ನೂ ಉದಾಹರಣೆಗೆ ತೆಗೆದುಕೊಳ್ಳುತ್ತಾನೆ. ನುಡಿಸಿ ನುಡಿಸಿಯೇ ಒಳ್ಳೆಯ ವಾದಕರಾಗುತ್ತಾರೆ, ನುಡಿಸಿ ನುಡಿಸಿಯೇ ಕೆಟ್ಟ ವಾದಕರೂ ಆಗುತ್ತಾರೆ. ಚೆನ್ನಾಗಿ ಕಟ್ಟಿದರೆ ಒಳ್ಳೆಯ ಕಟ್ಟುವವರು, ಕೆಟ್ಟದಾಗಿ ಕಟ್ಟಿದರೆ ಕೆಟ್ಟ ಕಟ್ಟುವವರು. ನಿಮ್ಮ ಚೌಕಟ್ಟಿನಿಂದ ಹೊರಗುಳಿದದ್ದು ಈ ಎರಡನೆಯ ಅರ್ಧ. ಅಭ್ಯಾಸಕ್ಕೆ ಕಣ್ಣಿಲ್ಲ, ಯಾವುದನ್ನು ದಿನವೂ ಮಾಡುತ್ತೇವೋ ಅದನ್ನು ಗಟ್ಟಿ ಮಾಡುತ್ತದೆ, ಅಷ್ಟೆ. ನನ್ನ ಪತ್ರದ ಉಳಿದದ್ದೆಲ್ಲ ಈ ಉಳಿದ ಅರ್ಧದ ಬಗ್ಗೆಯೇ.

ಎರಡನೆಯ ತಪ್ಪು 21 ದಿನಗಳದ್ದು. ಯಾವುದೇ ಅಭ್ಯಾಸ ಮೈಗೂಡಲು 21 ದಿನ ಸಾಕು ಎಂದು ಲೇಖಕರು ಬರೆದಿದ್ದಾರೆ. ಇದರ ಬೇರು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿದೆ. ಶಸ್ತ್ರಚಿಕಿತ್ಸೆಯ ನಂತರ ರೋಗಿಗಳು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಸುಮಾರು 21 ದಿನ ಹಿಡಿಯುತ್ತದೆ ಎಂದು ಆತ ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ವೂ ‘ಸುಮಾರು’ ಕೂಡ ಉದುರಿದವು, ಜೊತೆಗೆ ಮುಖವೂ ಉದುರಿತು. ಬರೀ ಅಂಕೆ ಉಳಿಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಅಚ್ಚಾದ ಅಧ್ಯಯನದಲ್ಲಿ ಕಂಡದ್ದು ಬೇರೆ: ಒಂದು ಸಣ್ಣ ರೂಢಿ ಯೋಚಿಸದೆಯೇ ನಡೆಯುವಂತಾಗಲು ಸರಾಸರಿ 66 ದಿನ. ಕೆಲವರಿಗೆ 18 ಸಾಕು, ಕೆಲವರಿಗೆ ಅಂದಾಜು 254 ಬೇಕು. ಅದೇ ಅಧ್ಯಯನದಲ್ಲಿ ನನಗೆ ಇಷ್ಟವಾದ ಸಂಗತಿ ಇನ್ನೊಂದು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗುವುದಿಲ್ಲ.

ಇದನ್ನು ನನ್ನ ಮೊಮ್ಮಗಳಿಗೆ ಓದಿ ಹೇಳಿದೆ. ಅವಳ ಮೊಬೈಲ್‌ನಲ್ಲಿ ಅಭ್ಯಾಸಗಳ ಲೆಕ್ಕವಿಡುವ ಆ್ಯಪ್ ಇದೆ. ವ್ಯಾಯಾಮ, ಹತ್ತು ಪುಟ ಓದು, ಬೇಗ ಮಲಗುವುದು. ಒಂದೊಂದರ ಮುಂದೆಯೂ ಒಂದು ಚೌಕ. ಮಾಡಿದರೆ ಸರಿ ಗುರುತು. ಸತತವಾಗಿ ಎಷ್ಟು ದಿನವಾಯಿತು ಎಂಬ ಅಂಕೆ ಮೇಲೆ ಬೆಳಗುತ್ತಿರುತ್ತದೆ. ಅವಳದು 47ಕ್ಕೆ ಬಂದಿತ್ತು. ಒಂದು ರಾತ್ರಿ ಹಾಸಿಗೆಯಲ್ಲಿ ಉರುಳಿಕೊಂಡೇ ವ್ಯಾಯಾಮದ ಚೌಕದ ಮೇಲೆ ಬೆರಳಿಟ್ಟು ಗುರುತು ಹಾಕಿದ್ದನ್ನು ನೋಡಿದೆ. ‘ಇವತ್ತು ಮಾಡಿದೆಯಾ?’ ಎಂದು ಕೇಳಿದೆ. ‘ಇಲ್ಲ ಅಜ್ಜಿ, ಆದರೆ 47 ಹೋಗಿಬಿಡುತ್ತದಲ್ಲ’ ಎಂದಳು.

ನಾನು ಬೈಯಲಿಲ್ಲ. ಬೈಯುವ ಅರ್ಹತೆ ನನಗಿರಲಿಲ್ಲ. ಏಕಿರಲಿಲ್ಲ ಎಂಬುದನ್ನು ಅವಳಿಗೆ ಮೊನ್ನೆ ಹೇಳಿದೆ, ಈಗ ನಿಮಗೂ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ. ಆಗಿನ್ನೂ ಅಕ್ಷರಗಳ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸುವ ಕಾಲ. ಶುಶ್ರೂಷೆ ಕಲಿಯುವ ವಿದ್ಯಾರ್ಥಿಗಳಿಗೆಂದು ಒಂದು ಕೈಪಿಡಿ ಅಚ್ಚಿಗೆ ಬಂದಿತ್ತು, ಅದರ ಕೊನೆಯಲ್ಲಿ ಔಷಧಗಳ ಪ್ರಮಾಣದ ಕೋಷ್ಟಕಗಳು. ಕೋಷ್ಟಕ ನೋಡುವುದು ಕರಡು ತಿದ್ದುವವರ ಪಾಲಿನ ಅತಿ ನೀರಸ ಕೆಲಸ. ವಾಕ್ಯದಲ್ಲಾದರೆ ಒಂದು ಅಕ್ಷರ ತಪ್ಪಿದರೆ ಅರ್ಥವೇ ಎದ್ದು ಬಂದು ಕೈ ಹಿಡಿಯುತ್ತದೆ. ಅಂಕೆ ಹಾಗಲ್ಲ, 5 ಎಂದಿದ್ದರೂ 50 ಎಂದಿದ್ದರೂ ಅಷ್ಟೇ ಮುಗ್ಧವಾಗಿ ಕೂತಿರುತ್ತದೆ. ಅದಕ್ಕೇ ಕೋಷ್ಟಕಗಳನ್ನು ಇಬ್ಬರು ಕೂತು ನೋಡಬೇಕೆಂಬ ನಿಯಮ ನಮ್ಮಲ್ಲಿತ್ತು. ಒಬ್ಬರು ಹಸ್ತಪ್ರತಿಯಿಂದ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಕಣ್ಣಾಡಿಸಬೇಕು. ಆ ಸಂಜೆ ನನ್ನ ಜೊತೆಗಾರ್ತಿ ಬಂದಿರಲಿಲ್ಲ. ಕೊನೆಯ ಎರಡು ಪುಟಗಳನ್ನು ನಾನು ಹಸ್ತಪ್ರತಿಯ ಜೊತೆ ತಾಳೆ ನೋಡಲೇ ಇಲ್ಲ. ಮೇಲಿನಿಂದ ಕೆಳಗೆ ಒಂದು ಸಲ ನೋಡಿ, ಅಂಚಿನಲ್ಲಿ ಸಹಿ ಹಾಕಿ, ಪ್ರಿಂಟ್ ಆರ್ಡರ್ ಕೊಟ್ಟು ಮನೆಗೆ ಹೋದೆ.

ಒಂದು ಸಾಲಿನಲ್ಲಿ ದಶಮಾಂಶ ಬಿಂದು ಇರಲಿಲ್ಲ. ಹಸ್ತಪ್ರತಿಯಲ್ಲಿ .5 ಮಿಲಿಗ್ರಾಂ ಎಂದಿತ್ತು, ಅಚ್ಚಿನಲ್ಲಿ 5 ಆಗಿತ್ತು. ಹತ್ತು ಪಟ್ಟು. ಔಷಧದ ಪ್ರಮಾಣ ಬರೆಯುವಾಗ ಬಿಂದುವಿನ ಎಡಕ್ಕೆ ಸೊನ್ನೆ ಇರಲೇಬೇಕು, ಪೂರ್ಣಾಂಕದ ಬಲಕ್ಕೆ ಬಿಂದು ಹಾಕಿ ವೃಥಾ ಸೊನ್ನೆ ಬರೆಯಬಾರದು ಎಂಬ ಎಚ್ಚರಿಕೆ ಇರುವುದೇ ಈ ಕಾರಣಕ್ಕೆ. ಬಿಂದು ಕಣ್ಣಿಗೆ ಬೀಳದಂಥ ವಸ್ತು, 0.5 ಎಂದು ಬರೆದರೆ ಬಿಂದು ಮಾಸಿದರೂ ಸೊನ್ನೆಯನ್ನು ಕಂಡವರಿಗೆ ಅನುಮಾನವಾದರೂ ಬರುತ್ತದೆ. ಹಸ್ತಪ್ರತಿಯನ್ನು ಸರಿಯಾಗಿ ನೋಡಿದ್ದರೆ ಆ ಸೊನ್ನೆಯನ್ನು ನಾನೇ ಸೇರಿಸಬೇಕಾಗಿತ್ತು.

ಪುಣ್ಯಕ್ಕೆ ಪುಸ್ತಕ ಇನ್ನೂ ಬೈಂಡಿಂಗ್‌ನಲ್ಲಿರುವಾಗಲೇ ಲೇಖಕರ ಕಣ್ಣಿಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಹದಿನಾರು ಪುಟಗಳ ಒಂದು ಫಾರಂ ಪೂರ್ತಿ ಮತ್ತೆ ಅಚ್ಚಾಯಿತು. ಮಾಲೀಕರು ಕರಡಿನ ಹಾಳೆ ಹಿಡಿದು ಬಂದು ‘ಈ ಪುಟ ನೋಡಿದವರು ಯಾರು?’ ಎಂದು ಕೇಳಿದರು. ಅಂಚಿನಲ್ಲಿ ನನ್ನದೇ ಸಹಿ. ನಾನು ಹೇಳಿದೆ: ‘ನಾನು ನೋಡುವಾಗ ಬಿಂದು ಇತ್ತು. ಆಮೇಲೆ ಮೊಳೆ ಉದುರಿರಬೇಕು.’

ಮೊಳೆಯ ಕಾಲದಲ್ಲಿ ಇದು ನಂಬುವಂಥ ಸುಳ್ಳೇ. ಬಿಂದು, ಅಲ್ಪವಿರಾಮದಂಥ ಸಣ್ಣ ಮೊಳೆಗಳು ಬಿಗಿ ಸಾಲದಿದ್ದರೆ ಶಾಯಿಯ ರೋಲರ್ ಜೊತೆ ಎದ್ದು ಬರುತ್ತಿದ್ದವು. ಬಿಗಿ ಮಾಡುವುದು ಮೊಳೆ ಜೋಡಿಸುವವರ ಜವಾಬ್ದಾರಿ. ನಮ್ಮಲ್ಲಿ ಆ ಕೆಲಸ ಮಾಡುತ್ತಿದ್ದವರು ವಯಸ್ಸಾದವರು, ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಮಾಲೀಕರು ಎಲ್ಲರೆದುರಿಗೆ ಅವರನ್ನು ಬೈದರು. ಅಣ್ಣ ತಲೆ ಎತ್ತಲಿಲ್ಲ, ಕೈಯಲ್ಲಿದ್ದ ಸಾಲನ್ನು ಜೋಡಿಸಿ ಮುಗಿಸಿದರು.

ಹನ್ನೊಂದು ದಿನ ತಡೆದೆ. ಹನ್ನೆರಡನೆಯ ದಿನ ಅವರ ಬಳಿ ಹೋಗಿ ನಿಜ ಹೇಳಿದೆ. ಅವರು ಮೊಳೆಗಳ ಮನೆಯಿಂದ ಕಣ್ಣು ಕೀಳದೆ, ‘ನನಗೆ ಗೊತ್ತಮ್ಮಾ’ ಎಂದರು. ‘ಮೊಳೆ ಉದುರಿದ್ದರೆ ಆ ಜಾಗ ಖಾಲಿ ಉಳಿಯುತ್ತಿತ್ತು. ನಿನ್ನ ಪುಟದಲ್ಲಿ ಜಾಗವೇ ಇರಲಿಲ್ಲ. ಬಿಂದುವನ್ನು ನಾನೇ ಹಾಕಿರಲಿಲ್ಲ. ನೀನೂ ನೋಡಿರಲಿಲ್ಲ.’ ಅದಾದ ಮೇಲೆ ಮಾಲೀಕರಿಗೂ ಹೇಳಿದೆ. ಅವರು ಏನೆಂದರು ಎಂಬುದು ಇಲ್ಲಿ ಬೇಡ. ಕೆಲಸ ಹೋಗಲಿಲ್ಲ.

ಸಂಪಾದಕರೇ, ಈ ಕಥೆಯಲ್ಲಿ ನನ್ನನ್ನು ಈಗಲೂ ಕಾಡುವುದು ಸುಳ್ಳಿಗಿಂತ ಹೆಚ್ಚಾಗಿ ಆ ಸಹಿ. ಸುಳ್ಳು ಹೇಳುವಾಗ ಎದೆ ಹೊಡೆದುಕೊಂಡಿತ್ತು, ಸುಳ್ಳು ಹೇಳುತ್ತಿದ್ದೇನೆಂದು ನನಗೆ ತಿಳಿದಿತ್ತು. ಸಹಿ ಹಾಕುವಾಗ ಏನೂ ಅನಿಸಿರಲಿಲ್ಲ. ನಾಲ್ಕು ವರ್ಷ ದಿನಕ್ಕೆ ಮೂವತ್ತು ನಲವತ್ತು ಪುಟಗಳ ಅಂಚಿನಲ್ಲಿ ಸಹಿ ಹಾಕಿ ಹಾಕಿ, ಪುಟದ ಕೊನೆ ಬಂದ ಕೂಡಲೇ ಕೈ ತಾನಾಗಿ ಓಡುತ್ತಿತ್ತು. ಓದುವುದು ಅಭ್ಯಾಸವಾಗಿತ್ತು ಎಂದುಕೊಂಡಿದ್ದೆ. ಅಭ್ಯಾಸವಾಗಿದ್ದದ್ದು ಸಹಿ ಹಾಕುವುದು. ನನ್ನ ಮೊಮ್ಮಗಳ ಬೆರಳಿಗೂ ಆದದ್ದು ಇದೇ. 47 ದಿನದಲ್ಲಿ ಅವಳಿಗೆ ವ್ಯಾಯಾಮ ಎಷ್ಟು ಮೈಗೂಡಿತೋ ಗೊತ್ತಿಲ್ಲ, ಗುರುತು ಹಾಕುವುದಂತೂ ಮೈಗೂಡಿತ್ತು.

ಇದು ನಮ್ಮಿಬ್ಬರ ದೌರ್ಬಲ್ಯವಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಒಂದು ಪರಿಶೀಲನಾ ಪಟ್ಟಿ ತಂದಿತು. ರೋಗಿ ಇವರೇ ತಾನೇ, ಕೊಯ್ಯಬೇಕಾದ ಜಾಗ ಇದೇ ತಾನೇ, ಹತ್ತಿಬಟ್ಟೆಗಳ ಲೆಕ್ಕ ಸರಿಯಾಯಿತೇ ಎಂಬಂಥ ಸರಳ ಪ್ರಶ್ನೆಗಳು. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಆಮೇಲೆ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಇದೇ ಪಟ್ಟಿಯ ಬಳಕೆ ಕಡ್ಡಾಯವಾಯಿತು. 101 ಆಸ್ಪತ್ರೆಗಳ ಲೆಕ್ಕ ನೋಡಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಪ್ರಮಾಣ ಹೇಳುವಷ್ಟು ಇಳಿದದ್ದು ಕಾಣಲಿಲ್ಲ. ಏಕೆ ಎಂಬುದರ ಬಗ್ಗೆ ವೈದ್ಯರಲ್ಲೇ ವಾದಗಳಿವೆ. ಚೌಕಗಳಿಗೆ ಗುರುತು ಬಿದ್ದವು, ಪ್ರಶ್ನೆಗಳನ್ನು ಕೇಳಲಿಲ್ಲ ಎಂಬುದು ಅವುಗಳಲ್ಲೊಂದು. ಉಳಿದ ವಾದಗಳನ್ನು ತೂಗುವಷ್ಟು ವೈದ್ಯಶಾಸ್ತ್ರ ನನಗೆ ಬಾರದು. ಈ ಒಂದು ಮಾತ್ರ ಅಂಚಿನಲ್ಲಿ ಸಹಿ ಹಾಕಿದವಳಿಗೆ ಕೂಡಲೇ ಅರ್ಥವಾಯಿತು.

ಜಪಾನಿನ ರೈಲ್ವೆ ನೌಕರರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಸಿಗ್ನಲ್ ಕಂಡರೆ ಅದರತ್ತ ಬೆರಳು ಚಾಚಿ, ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾರೆ. ನೋಡುವವರಿಗೆ ನಗು ಬರಬಹುದು. ಆದರೆ ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ 1994ರಲ್ಲಿ ಮಾಡಿದ ಪರೀಕ್ಷೆಯಲ್ಲಿ, ಸುಮ್ಮನೆ ಮಾಡಿದಾಗ ನೂರಕ್ಕೆ 2.38ರಷ್ಟಿದ್ದ ತಪ್ಪು, ಬೆರಳನ್ನೂ ಬಾಯಿಯನ್ನೂ ಬಳಸಿದಾಗ 0.38ಕ್ಕೆ ಬಂತು. ಬಿಂದುವಿನ ಪ್ರಕರಣದ ನಂತರ ನಾನೂ ಹೀಗೆಯೇ ಮಾಡತೊಡಗಿದ್ದೆ, ಜಪಾನಿನ ಸುದ್ದಿ ಗೊತ್ತಿಲ್ಲದೆ. ಅಂಕೆಯ ಕೆಳಗೆ ಬೆರಳಿಟ್ಟು ‘ಸೊನ್ನೆ, ಬಿಂದು, ಐದು’ ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಹೊಸದಾಗಿ ಬಂದ ಹುಡುಗರು ನನ್ನನ್ನು ಅಣಕಿಸುತ್ತಿದ್ದರು. ಅವರಲ್ಲಿ ಇಬ್ಬರು ಈಗ ತಮ್ಮ ಕಚೇರಿಗಳಲ್ಲಿ ಅದನ್ನೇ ಮಾಡುತ್ತಾರಂತೆ.

ಇನ್ನೊಂದು ರೂಢಿಯೂ ಆಗಲೇ ಶುರುವಾಯಿತು. ಒಂದು ನೋಟ್‌ಬುಕ್ ಇಟ್ಟೆ. ಅದರಲ್ಲಿ ಹಿಡಿದ ತಪ್ಪುಗಳನ್ನು ಬರೆಯಲಿಲ್ಲ, ನನ್ನ ಕಣ್ಣು ತಪ್ಪಿಸಿ ಹೋದವನ್ನು ಮಾತ್ರ ಬರೆದೆ. ತಪ್ಪು ಏನು, ಯಾವ ಪುಟ, ನೋಡಿದಾಗ ಗಂಟೆ ಎಷ್ಟು, ಏಕೆ ತಪ್ಪಿತು. ‘ಏಕೆ’ ಎಂಬ ಸಾಲನ್ನು ಬರೆಯುವುದೇ ಕಷ್ಟ. ಮೊದಲ ತಿಂಗಳುಗಳಲ್ಲಿ ಎಲ್ಲದಕ್ಕೂ ‘ಅವಸರ’ ಎಂದು ಬರೆದಿದ್ದೇನೆ. ಅದು ಮಾನ ಕಾಪಾಡಿಕೊಳ್ಳುವ ಉತ್ತರ. ಬರಬರುತ್ತಾ ಬೇರೆ ಉತ್ತರಗಳು ಕಾಣಿಸಿಕೊಂಡವು. ‘ಜಗಳವಾಡಿ ಬಂದಿದ್ದೆ.’ ‘ಲೇಖಕರು ದೊಡ್ಡ ಹೆಸರಿನವರು, ಅನುಮಾನ ಬರಲಿಲ್ಲ.’ ‘ಈ ಪದ ನನಗೂ ಗೊತ್ತಿರಲಿಲ್ಲ, ಕೇಳಲು ನಾಚಿಕೆಯಾಯಿತು.’ ‘ಶೀರ್ಷಿಕೆ, ಆದ್ದರಿಂದ ಓದಲಿಲ್ಲ.’ ಈ ಕೊನೆಯದು ಮತ್ತೆ ಮತ್ತೆ ಬಂದಿದೆ. ದೊಡ್ಡ ಅಕ್ಷರಗಳಲ್ಲಿ ತಪ್ಪಿರಲಾರದು ಎಂಬ ನಂಬಿಕೆ ಕರಡು ತಿದ್ದುವವರನ್ನು ತಲೆಮಾರುಗಳಿಂದ ಕೆಡಿಸಿದೆ. 1631ರಲ್ಲಿ ಲಂಡನ್ನಿನ ರಾಜಮುದ್ರಕರು ಅಚ್ಚು ಹಾಕಿದ ಬೈಬಲಿನಲ್ಲಿ ಹತ್ತು ಆಜ್ಞೆಗಳ ನಡುವೆಯೇ ‘ಕೂಡದು’ ಎಂಬರ್ಥದ ಒಂದು ಪದ ಬಿಟ್ಟುಹೋಗಿ, ದೇವರು ವ್ಯಭಿಚಾರಕ್ಕೆ ಅಪ್ಪಣೆ ಕೊಟ್ಟಂತಾಯಿತು. ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು. ಎಲ್ಲರಿಗೂ ಬಾಯಿಪಾಠವಾಗಿರುವ ಸಾಲನ್ನು ಯಾರು ತಾನೇ ಓದುತ್ತಾರೆ?

ನೋಟ್‌ಬುಕ್‌ಗಳು 22 ಆದವು. ಅವುಗಳಿಂದ ನಾನು ತಪ್ಪು ಮಾಡದವಳಾದೆ ಎಂದು ಹೇಳಲಾರೆ. ಕೊನೆಯದರಲ್ಲೂ ಪುಟಗಳು ಭರ್ತಿಯಾಗಿವೆ. ಆದರೆ ಸಂಜೆ ನಾಲ್ಕರ ಮೇಲೆ ಅಂಕೆಗಳನ್ನು ಮುಟ್ಟಬಾರದು, ನನಗೆ ಮೆಚ್ಚುಗೆಯಾದ ಬರಹವನ್ನು ಎರಡು ಸಲ ನೋಡಬೇಕು ಎಂಬಂಥ ನನಗಷ್ಟೇ ಒಪ್ಪುವ ನಿಯಮಗಳು ಅಲ್ಲಿಂದ ಸಿಕ್ಕವು. ನಿಮ್ಮ ಲೇಖಕರು ಸಾಧನೆಗಳನ್ನು ದಿನವೂ ಬರೆದಿಡಿ ಎಂದು ಸಲಹೆ ಕೊಟ್ಟಿದ್ದಾರೆ. ಬರೆದಿಡುವವರು ಬರೆದಿಡಲಿ. ಸಾಧನೆಯ ಪಟ್ಟಿಯನ್ನು ಯಾರಾದರೂ ನೋಡಲಿ ಎಂಬ ಆಸೆ ನಮಗಿರುತ್ತದೆ. ನೋಡುವವರಿದ್ದಾರೆ ಎಂದ ಮೇಲೆ ಒಂದೆರಡು ಸಾಲು ಹೆಚ್ಚು ಬರೆಯುವ ಆಸೆಯೂ ಆಗುತ್ತದೆ. ತಪ್ಪಿದ್ದರ ಪಟ್ಟಿಗೆ ಆ ಅಪಾಯವಿಲ್ಲ. ಅದನ್ನು ಹಿಗ್ಗಿಸಿ ಬರೆದು ಯಾರಿಗೂ ಲಾಭವಿಲ್ಲ.

ನೈಜತೆಯ ಬಗ್ಗೆಯೂ ಒಂದು ಮಾತು. ‘ನಾನಿರುವುದೇ ಹೀಗೆ, ಮನಸ್ಸಿಗೆ ಬಂದದ್ದನ್ನು ಹೇಳಿಬಿಡುತ್ತೇನೆ’ ಎನ್ನುವವರನ್ನು ಲೇಖನ ನೈಜತೆಯ ಮಾದರಿಯೆಂಬಂತೆ ತೋರಿಸಿದೆ. ಅಂಥವರನ್ನು ನಾನು ಬಹಳ ನೋಡಿದ್ದೇನೆ. ಬೇರೆಯವರ ತಪ್ಪನ್ನು ಮುಖಕ್ಕೆ ಹೇಳುವಾಗ ಅವರು ಹೀಗೆ ಇರುತ್ತಾರೆ. ತಮ್ಮ ತಪ್ಪಿನ ವಿಷಯ ಬಂದಾಗ ಹೀಗೆ ಇರುವುದಿಲ್ಲ. ಬಾಯಿ ಹರಿತವಾಗಿರುವುದಕ್ಕೂ ನೈಜವಾಗಿರುವುದಕ್ಕೂ ಸಂಬಂಧವೇನೆಂದು ನನಗೆ ಈವರೆಗೆ ತಿಳಿದಿಲ್ಲ.

ತನ್ನತನ ಎಂದರೇನೆಂದು ನನಗೆ ಕಲಿಸಿದವರು ಒಬ್ಬ ಕಥೆಗಾರರು. ಅವರ ಕಥೆಯೊಂದರಲ್ಲಿ ಒಬ್ಬ ಮುದುಕಿ ‘ನಡೆದು ನಡೆದು ನಡೆದು’ ಮನೆಗೆ ಬರುತ್ತಾಳೆ. ದ್ವಿರುಕ್ತಿ ಎಂದರೆ ಎರಡು ಸಲ, ಮೂರು ಸಲವಲ್ಲ ಎಂದು ನಾನು ಒಂದು ‘ನಡೆದು’ವನ್ನು ಹೊಡೆದುಹಾಕಿದೆ. ಕರಡು ನೋಡಲು ಬಂದ ಅವರು ಬಹಳ ಹೊತ್ತು ಆ ಸಾಲನ್ನೇ ನೋಡಿ, ‘ಮೇಡಂ, ನಮ್ಮಜ್ಜಿ ಅಷ್ಟು ಬೇಗ ಮನೆ ತಲುಪಲಿಲ್ಲ’ ಎಂದರು. ಮೂರನೆಯ ‘ನಡೆದು’ವನ್ನು ತಿರುಗಿ ಸೇರಿಸಿದೆ. ಅದೇ ಕಥೆಯಲ್ಲಿ ಅವರು ‘ಉಚ್ಛ’ ಎಂದು ಮಹಾಪ್ರಾಣ ಹಾಕಿ ಬರೆದಿದ್ದರು, ‘ಉಚ್ಚ’ ಎಂದು ತಿದ್ದಿದ್ದೆ. ಅದಕ್ಕೆ ಅವರು ತಕರಾರು ಮಾಡಲಿಲ್ಲ. ‘ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ’ ಎಂದು ಬೇಸರಪಟ್ಟು, ಮುಂದಿನ ಕಥೆಗಳಲ್ಲಿ ಸರಿಯಾಗಿ ಬರೆದರು. ಯಾವುದು ತನ್ನದು, ಯಾವುದು ಬರೀ ತಪ್ಪು ಎಂದು ಅವರಿಗೆ ಗೊತ್ತಿತ್ತು. ಬಹುಪಾಲು ಜನ ತಮ್ಮ ‘ಉಚ್ಛ’ವನ್ನು ಹಿಡಿದುಕೊಂಡು ಜಗಳವಾಡುತ್ತಾರೆ, ಮೂರನೆಯ ‘ನಡೆದು’ವನ್ನು ಕೇಳಿದ ಕೂಡಲೇ ಬಿಟ್ಟುಕೊಡುತ್ತಾರೆ. ನಾನೂ ಹಾಗೆ ಮಾಡಿದವಳೇ.

ಇನ್ನು ನನ್ನ ಕೋರಿಕೆ. ಅರಿಸ್ಟಾಟಲನ ಹೆಸರಿನ ಆ ಚೌಕಟ್ಟಿಗೂ 21ರ ಅಂಕೆಗೂ ತಿದ್ದುಪಡಿ ಹಾಕಿ. ಒಳಪುಟದ ಮೂಲೆಯಲ್ಲಿ, ಜಾಹೀರಾತಿನ ಕೆಳಗೆ, ಭೂತಗನ್ನಡಿ ಹಿಡಿದು ಹುಡುಕುವ ಅಕ್ಷರದಲ್ಲಿ ಬೇಡ. ತಪ್ಪು ಎಲ್ಲಿ, ಎಷ್ಟು ದೊಡ್ಡದಾಗಿ ಬಂದಿತ್ತೋ ಅಲ್ಲಿಯೇ, ಅಷ್ಟೇ ದೊಡ್ಡದಾಗಿ ಬರಲಿ. ಹಿಂದೆ ಪುಸ್ತಕಗಳ ಕೊನೆಯಲ್ಲಿ ಒಪ್ಪೋಲೆ ಎಂದು ಒಂದು ಹಾಳೆ ಇರುತ್ತಿತ್ತು, ಪುಟ, ಸಾಲು, ತಪ್ಪು, ಒಪ್ಪು ಎಂದು ನಾಲ್ಕು ಕಂಬಗಳಲ್ಲಿ. ಈಗಿನ ಪುಸ್ತಕಗಳಲ್ಲಿ ಅದು ಕಾಣುವುದೇ ಅಪರೂಪ. ತಪ್ಪುಗಳು ನಿಂತುಹೋದುದರಿಂದ ಹಾಗಾಯಿತು ಎಂದು ನಂಬುವಷ್ಟು ಮುಗ್ಧೆ ನಾನಲ್ಲ. ಪ್ರಸಿದ್ಧ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕಗಳಲ್ಲಿ ಹೊಸ ತಪ್ಪು ತೋರಿಸಿದವರಿಗೆ 2.56 ಡಾಲರಿನ ಚೆಕ್ ಬರೆದು ಕಳುಹಿಸುತ್ತಿದ್ದರು. ಆ ಚೆಕ್‌ಗಳನ್ನು ಅನೇಕರು ನಗದು ಮಾಡಿಸದೆ ಗೋಡೆಗೆ ತೂಗುಹಾಕಿಕೊಂಡರು. ನನಗೆ ಚೆಕ್ ಬೇಡ, ತಿದ್ದುಪಡಿ ಸಾಕು.

ಮೊಮ್ಮಗಳ ಅಂಕೆ ಈಗ 3 ಇದೆ. ನಿನ್ನೆ 2 ಇತ್ತು.

ಇಂತಿ ನಿಮ್ಮ ಹಳೆಯ ಓದುಗಾರ್ತಿ,
ನಿವೃತ್ತ ಪ್ರೂಫ್ ರೀಡರ್

ತಾ.ಕ.: ಈ ಪತ್ರದ ಮೊದಲ ಪ್ರತಿಯಲ್ಲಿ ಡ್ಯುರಾಂಟ್ ಪುಸ್ತಕದ ವರ್ಷವನ್ನು 1925 ಎಂದು ಬರೆದಿದ್ದೆ. ಪುಸ್ತಕ ತೆಗೆದು ನೋಡಿದಾಗ 1926. ಗಂಟೆ: ಸಂಜೆ ಐದೂವರೆ. ಏಕೆ: ಇನ್ನೊಬ್ಬರ ತಪ್ಪು ಹಿಡಿದ ಖುಷಿಯಲ್ಲಿದ್ದೆ.